ದೀಪ ಹಿಡಿದ ಗೊಂಬೆ

ಶಿರಸಿಯಲ್ಲಿ ಎರಡು ವರ್ಷಗಳಿಗೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುತ್ತದೆ. ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದಲೂ ಘಟ್ಟದ ಕೆಳಗಿನ ಊರುಗಳಿಂದಲೂ ಜನರು ತಂಡತಂಡವಾಗಿ ಬಂದು ಸೇರುತ್ತಾರೆ. ದೇವಿಯ ದರ್ಶನವಾದ ಮೇಲೆ ಮಕ್ಕಳ ಕಣ್ಣು ಹೋಗುವುದು ಆಟಿಕೆಯ ಅಂಗಡಿಗಳ ಕಡೆಗೆ. ಗೊಂಬೆಯೆಂಬುದು ಈ ಸೀಮೆಗೆ ಹೊಸ ವಸ್ತುವಲ್ಲ. ಇಲ್ಲಿನ ಗುಡಿಗಾರರು ತಲೆತಲಾಂತರದಿಂದ ಗಂಧದ ಮರದಲ್ಲಿ ದೇವತೆಗಳನ್ನೂ ಪ್ರಾಣಿಪಕ್ಷಿಗಳನ್ನೂ ಕೆತ್ತುತ್ತ ಬಂದವರು. ಬೆಂಡಿನಲ್ಲಿ ಬಾಸಿಂಗವನ್ನು ಕಟ್ಟುವವರು. ಜಾತ್ರೆಗೆ ಕಾರಣಳಾದ ಮಾರಿಕಾಂಬೆಯ ವಿಗ್ರಹವೂ ಮರದ್ದೇ. ಕೆತ್ತುವವನ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಒಬ್ಬ ವ್ಯಕ್ತಿಯ ಬದುಕನ್ನೆಲ್ಲ ಒಂದು ಗೇಣು ಮರದಲ್ಲಿ ಅಡಗಿಸುವುದು ಸಾಧ್ಯವಿಲ್ಲ. ಆದುದರಿಂದ ಅವನು ಒಂದು ಗುರುತನ್ನು ಆರಿಸಿಕೊಳ್ಳುತ್ತಾನೆ. ಕೃಷ್ಣನಾದರೆ ಕೊಳಲು, ಸರಸ್ವತಿಯಾದರೆ ವೀಣೆ, ಗಾಂಧೀಜಿಯಾದರೆ ಊರುಗೋಲು. ಉಳಿದುದೆಲ್ಲ ಉಳಿಯ ಬಾಯಿಗೆ ಸಿಕ್ಕಿ ಚಕ್ಕೆಯಾಗಿ ಕೆಳಗೆ ಉದುರುತ್ತದೆ.

ಗೊಂಬೆಗಳನ್ನು ಆಟಕ್ಕಾಗಿ ಕೊಳ್ಳುವವರಿರುವಂತೆ ಅವನ್ನು ಸಂಗ್ರಹಿಸಿ ಇಡುವವರೂ ಇದ್ದಾರೆ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಕಾಲಕ್ಕೆ ತಲೆಮಾರುಗಳಿಂದ ಕೂಡಿಟ್ಟ ಗೊಂಬೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಗೊಂಬೆಗಳ ಸಂಗ್ರಹಾಲಯದಲ್ಲಿ ದೇಶವಿದೇಶಗಳ ಉಡುಪು ತೊಟ್ಟ ಸಾವಿರಾರು ಗೊಂಬೆಗಳಿವೆ. ಕೆಲವು ಸಂಗ್ರಾಹಕರು ಒಂದೇ ಬಗೆಯ ಗೊಂಬೆಗಳ ಬೆನ್ನು ಹತ್ತುತ್ತಾರೆ. ಅಂಥವುಗಳಲ್ಲಿ ದಾದಿಯ ಗೊಂಬೆಯೂ ಒಂದು. ತಲೆಯ ಮೇಲೆ ಬಿಳಿಯ ಟೊಪ್ಪಿಗೆ, ಉಡುಪಿನ ಮೇಲೆ ಶುಭ್ರವಾದ ಏಪ್ರನ್, ಕೆಲವೊಮ್ಮೆ ತೋಳಿನ ಮೇಲೆ ಕೆಂಪು ಶಿಲುಬೆಯ ಪಟ್ಟಿ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ರೆಡ್‌ಕ್ರಾಸ್ ದಾದಿಯ ಗೊಂಬೆಗಳು ಬಹಳವಾಗಿ ಬಂದವು. ಈ ಗೊಂಬೆಗಳ ಸಾಲಿನ ನಡುವೆ, ಕೈಯಲ್ಲಿ ದೀಪ ಹಿಡಿದ ಒಬ್ಬ ತರುಣಿಯ ಗೊಂಬೆ ತಪ್ಪದೆ ಇರುತ್ತದೆ. ಆಕೆಯ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ಆಕೆ ಹುಟ್ಟಿ ಇನ್ನೂರು ವರ್ಷ ತುಂಬಿದ 2020ರಲ್ಲಿ ಅಮೆರಿಕದ ಪ್ರಸಿದ್ಧ ಬಾರ್ಬಿ ಗೊಂಬೆಯೂ ಆಕೆಯ ವೇಷವನ್ನು ಧರಿಸಿತು. ಅದರ ಕೈಯಲ್ಲಿಯೂ ದೀಪವಿದ್ದಿತು.

ಆ ದೀಪ ಸುಳ್ಳಲ್ಲ. ಆದರೆ ತೊಂಬತ್ತು ವರ್ಷಗಳ ಆಕೆಯ ಬದುಕಿನಲ್ಲಿ ದೀಪ ಹಿಡಿದು ನಡೆದ ಕಾಲ ಎರಡು ವರ್ಷಕ್ಕಿಂತ ಕಡಿಮೆ. ಉಳಿದ ಕಾಲದಲ್ಲಿ ಆಕೆಯ ಕೈಯಲ್ಲಿ ಇದ್ದುದು ಲೇಖನಿ. ಲೇಖನಿ ಹಿಡಿದ ನೈಟಿಂಗೇಲಳ ಗೊಂಬೆಯನ್ನು ಮಾಡುವವರು ವಿರಳ.

ಫ್ಲಾರೆನ್ಸ್ 1820ನೆಯ ಇಸವಿಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ತಂದೆತಾಯಿಗಳು ಇಂಗ್ಲೆಂಡಿನ ಶ್ರೀಮಂತ ಮನೆತನದವರು; ಯುರೋಪಿನ ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗುವಿಗೆ ಆ ಊರಿನ ಹೆಸರನ್ನೇ ಇಟ್ಟರು. ಅಕ್ಕ ಪಾರ್ಥಿನೋಪ್ ಒಂದು ವರ್ಷಕ್ಕೆ ಹಿರಿಯಳು. ನೇಪಲ್ಸಿನಲ್ಲಿ ಹುಟ್ಟಿದುದರಿಂದ ಅವಳಿಗೆ ಆ ನಗರದ ಪ್ರಾಚೀನ ಹೆಸರು ಬಂದಿದ್ದಿತು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ಮನೆಗಳು. ಡರ್ಬಿಷೈರಿನ ಲೀ ಹರ್ಸ್ಟ್ ಬೇಸಗೆಗೆ, ಹ್ಯಾಂಪ್‌ಷೈರಿನ ಎಂಬ್ಲಿ ಪಾರ್ಕ್ ಉಳಿದ ಕಾಲಕ್ಕೆ.

ಬಾಲ್ಯದಲ್ಲಿ ಅಕ್ಕ ಗೊಂಬೆಗಳ ಕೈಕಾಲು ಮುರಿದು ಹಾಕುತ್ತಿದ್ದಳೆಂದೂ, ತಂಗಿ ಅವಕ್ಕೆ ಪಟ್ಟಿ ಕಟ್ಟಿ ಉಪಚರಿಸುತ್ತಿದ್ದಳೆಂದೂ ಒಂದು ಕಥೆ ಪ್ರಚಾರದಲ್ಲಿದೆ. ದೊಡ್ಡವರ ಬಾಲ್ಯದ ಬಗ್ಗೆ ಇಂಥ ಕಥೆಗಳು ಅವರು ದೊಡ್ಡವರಾದ ಮೇಲೆ ಹುಟ್ಟುವುದುಂಟು. ಆದುದರಿಂದ ಇದನ್ನು ಪೂರ್ಣವಾಗಿ ನಂಬಬೇಕಾದುದಿಲ್ಲ. ಹೆಚ್ಚು ನಂಬಿಕೆಗೆ ಅರ್ಹವಾದ ಸಂಗತಿ ಮತ್ತೊಂದಿದೆ. ಆ ಹುಡುಗಿಗೆ ಕೂಡಿಸುವ, ಎಣಿಸುವ, ಪಟ್ಟಿ ಮಾಡುವ ಹವ್ಯಾಸವಿದ್ದಿತು. ಚಿಪ್ಪುಗಳನ್ನು ಕೂಡಿಸಿ ಅವುಗಳ ಜಾತಿಗೆ ಅನುಸಾರವಾಗಿ ವಿಂಗಡಿಸಿ ಬರೆದಿಡುತ್ತಿದ್ದಳು. ತಂದೆ ಸ್ವತಃ ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದನು. ಫ್ಲಾರೆನ್ಸಳ ಮನಸ್ಸು ಗಣಿತಕ್ಕೆ ಒಲಿಯಿತು. ಹೆಣ್ಣುಮಗಳಿಗೆ ಗಣಿತ ಏತಕ್ಕೆ ಎಂಬುದು ತಾಯಿಯ ಚಿಂತೆಯಾಗಿದ್ದಿತು.

ಹದಿನಾರು ವರ್ಷ ತುಂಬಿದ್ದಾಗ, 1837ರ ಫೆಬ್ರವರಿ ತಿಂಗಳಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ಅನ್ನಿಸಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ವರ್ಷಗಳು ಹಿಡಿದವು. ಅದು ರೋಗಿಗಳ ಶುಶ್ರೂಷೆಯೆಂದು ತಿಳಿದಾಗ ಮನೆಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳು ಬಡವರು ಸಾಯಲು ಹೋಗುವ ಸ್ಥಳಗಳಾಗಿದ್ದವು. ದಾದಿಯ ಕೆಲಸಕ್ಕೆ ಯಾವ ಶಿಕ್ಷಣವೂ ಇರಲಿಲ್ಲ, ಗೌರವವೂ ಇರಲಿಲ್ಲ. ಕುಡಿತ ಮತ್ತು ದುರ್ನಡತೆಗಳಿಗೆ ಆ ವೃತ್ತಿ ಹೆಸರಾಗಿದ್ದಿತು. ಶ್ರೀಮಂತರ ಮಗಳು ಅಲ್ಲಿಗೆ ಹೋಗುವುದೆಂದರೆ ಮನೆತನದ ಮಾನ ಹೋದಂತೆ ಎಂದು ತಾಯಿ ಮತ್ತು ಅಕ್ಕ ತಿಳಿದರು. ಫ್ಲಾರೆನ್ಸ್ ಜಗಳವಾಡಲಿಲ್ಲ, ಆದರೆ ಬಿಡಲೂ ಇಲ್ಲ. ನಸುಕಿನಲ್ಲಿ ಎದ್ದು ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡಳು. ತನ್ನನ್ನು ಬಹುಕಾಲದಿಂದ ಮೆಚ್ಚಿಕೊಂಡಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಸಜ್ಜನನನ್ನು ಮದುವೆಯಾಗಲು 1849ರಲ್ಲಿ ನಿರಾಕರಿಸಿದಳು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ಇದ್ದು ಶುಶ್ರೂಷೆಯನ್ನು ಕಲಿತಳು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಆಕೆಯ ಪಾಲಿಗೆ ಬಂದಿತು. ಆಗ ಆಕೆಗೆ ಮೂವತ್ತಮೂರು ವರ್ಷ. ಕರೆ ಕೇಳಿದಂದಿನಿಂದ ಕೆಲಸ ದೊರೆಯುವ ತನಕ ಹದಿನಾರು ವರ್ಷ ಕಾದಿದ್ದಳು.

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದ ವಿರುದ್ಧ ಯುದ್ಧಕ್ಕೆ ಇಳಿದವು. ಕಾಳಗ ನಡೆದುದು ಕಪ್ಪುಸಮುದ್ರದ ಕ್ರಿಮಿಯಾ ಪರ್ಯಾಯದ್ವೀಪದಲ್ಲಿ. ಗಾಯಗೊಂಡವರನ್ನೂ ರೋಗಿಗಳನ್ನೂ ಹಡಗಿನಲ್ಲಿ ತುಂಬಿ, ಈಗಿನ ಇಸ್ತಾಂಬುಲ್ ನಗರದ ಒಂದು ಭಾಗವಾದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿನ ದುರವಸ್ಥೆಯನ್ನು ಪತ್ರಿಕೆಯ ವರದಿಗಾರರು ಬರೆದರು; ಇಂಗ್ಲೆಂಡಿನ ಜನ ಕೆರಳಿದರು. ಯುದ್ಧಖಾತೆಯ ಮಂತ್ರಿ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸಳ ಪರಿಚಿತನು. ದಾದಿಯರ ತಂಡವೊಂದನ್ನು ಕರೆದುಕೊಂಡು ಹೋಗಬೇಕೆಂದು ಆತ ಕೇಳಿಕೊಂಡನು. ಅಕ್ಟೋಬರ್ 21ರಂದು ಮೂವತ್ತೆಂಟು ಮಂದಿ ಸ್ತ್ರೀಯರೊಂದಿಗೆ ಹೊರಟ ಆಕೆ ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಳು.

ಆಸ್ಪತ್ರೆಯೆಂದು ಕರೆಯುತ್ತಿದ್ದುದು ತುರ್ಕಿಯ ಸೈನಿಕರಿಗಾಗಿ ಕಟ್ಟಿದ ಒಂದು ಭಾರಿ ಠಾಣೆ. ಓಣಿಯಂಥ ಉದ್ದನೆಯ ಮೊಗಸಾಲೆಗಳಲ್ಲಿ ರೋಗಿಗಳು ನೆಲದ ಮೇಲೆ ಮಲಗಿದ್ದರು. ಹಾಸಲು ಬಟ್ಟೆಯಿಲ್ಲ, ತೊಡಲು ಅಂಗಿಯಿಲ್ಲ, ತೊಳೆಯಲು ನೀರಿಲ್ಲ. ಕಟ್ಟಡದ ಅಡಿಯಲ್ಲಿ ಹಾದುಹೋಗುವ ಕೊಳಚೆಯ ಕಾಲುವೆಗಳು ಕಟ್ಟಿಕೊಂಡು ನಾರುತ್ತಿದ್ದವು. ಸೈನ್ಯದ ವೈದ್ಯರಿಗೆ ಹೆಂಗಸರು ಬಂದುದು ಹಿಡಿಸಲಿಲ್ಲ. ಫ್ಲಾರೆನ್ಸ್ ಅವರ ಅಪ್ಪಣೆಯಿಲ್ಲದೆ ಯಾವ ರೋಗಿಯನ್ನೂ ಮುಟ್ಟಕೂಡದೆಂದು ತನ್ನವರಿಗೆ ಕಟ್ಟುಮಾಡಿ ಕಾದಳು. ಮರುದಿನವೇ ಇಂಕರ್ಮನ್ ಎಂಬಲ್ಲಿ ದೊಡ್ಡ ಕಾಳಗವಾಯಿತು. ಗಾಯಾಳುಗಳ ಹಡಗುಗಳು ಒಂದರ ಹಿಂದೆ ಒಂದು ಬಂದಾಗ ವೈದ್ಯರೇ ಆಕೆಯ ಸಹಾಯವನ್ನು ಬೇಡಬೇಕಾಯಿತು.

ಆಕೆ ಮಾಡಿದ ಮೊದಲ ಕೆಲಸಗಳು ಗೊಂಬೆ ಮಾಡುವವರ ಕಣ್ಣಿಗೆ ಬೀಳುವಂಥವಲ್ಲ. ನೆಲ ಉಜ್ಜುವ ಬ್ರಷ್ಷುಗಳನ್ನು ತರಿಸಿದಳು. ಹತ್ತಿರದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿಸಿ, ಸೈನಿಕರ ಹೆಂಡಿರಿಂದ ಬಟ್ಟೆ ಒಗೆಸಿದಳು. ಪಥ್ಯದ ಅಡುಗೆಗೆ ಬೇರೆ ಒಲೆಗಳನ್ನು ಹಾಕಿಸಿದಳು. ಅಂಗಿ, ಚಮಚ, ತಟ್ಟೆ, ಸಾಬೂನುಗಳ ಲೆಕ್ಕವನ್ನು ತಾನೇ ಇಟ್ಟಳು. ಸರ್ಕಾರದ ಉಗ್ರಾಣದಲ್ಲಿ ಸಾಮಾನು ಇದ್ದರೂ ಅದನ್ನು ಹೊರಗೆ ಕೊಡಲು ಬೇಕಾದ ಸಹಿ ಸಿಗದೆ ರೋಗಿಗಳು ಚಳಿಯಲ್ಲಿ ನಡುಗುವ ಸ್ಥಿತಿಯಿದ್ದಿತು. ಅಂಥಲ್ಲಿ ಸಾರ್ವಜನಿಕರು ಕಳುಹಿಸಿದ ಹಣದಿಂದ ಪೇಟೆಯಲ್ಲಿಯೇ ಕೊಂಡು ತಂದಳು. ಇದೆಲ್ಲ ಮುಗಿದು ರಾತ್ರಿಯಾದ ಮೇಲೆ ದೀಪ ಹಿಡಿದು ಮೊಗಸಾಲೆಗಳಲ್ಲಿ ಒಂದು ಸುತ್ತು ಬರುತ್ತಿದ್ದಳು. ರೋಗಿಗಳ ಮನಸ್ಸಿನಲ್ಲಿ ಉಳಿದುದು ಆ ಸುತ್ತು. ಮನೆಗೆ ಬರೆದ ಕಾಗದಗಳಲ್ಲಿ ಅವರು ಅದನ್ನೇ ಬರೆದರು. 1855ರ ಫೆಬ್ರವರಿಯಲ್ಲಿ ಲಂಡನ್ನಿನ ಚಿತ್ರಪತ್ರಿಕೆಯೊಂದು ದೀಪ ಹಿಡಿದ ಆಕೆಯ ಚಿತ್ರವನ್ನು ಅಚ್ಚು ಹಾಕಿತು. ಅಂದಿನಿಂದ ಆ ಚಿತ್ರವೇ ಆಕೆಯ ಗುರುತಾಯಿತು.

ಚಿತ್ರಗಾರರೂ ಗೊಂಬೆಗಾರರೂ ಆ ದೀಪದ ವಿಷಯದಲ್ಲಿಯೂ ತಪ್ಪಿದರು. ಅವರು ಆಕೆಯ ಕೈಗೆ ಕೊಟ್ಟುದು ಪುರಾತನ ಗ್ರೀಕರ ಎಣ್ಣೆಯ ಹಣತೆಯಂಥ ದೀಪ. ನಿಜವಾಗಿ ಆಕೆ ಹಿಡಿಯುತ್ತಿದ್ದುದು ತುರ್ಕಿಯ ಪೇಟೆಯಲ್ಲಿ ಸಿಗುತ್ತಿದ್ದ, ಒಳಗೆ ಮೇಣದ ಬತ್ತಿಯನ್ನು ಇಟ್ಟು ಗಾಳಿ ತಾಗದಂತೆ ಮಡಿಕೆಯ ಹೊದಿಕೆಯನ್ನು ಮೇಲಕ್ಕೆ ಎಳೆಯುವ ಲಾಟೀನು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಕುಂಬಾರರು ಯುದ್ಧ ಮುಗಿಯುವುದಕ್ಕೂ ಕಾಯದೆ ಆಕೆಯ ಬಣ್ಣದ ಮಣ್ಣಿನ ಬೊಂಬೆಗಳನ್ನು ಮಾಡಿ ಮಾರಿದರು. ತೋಳಿಗೆ ಪಟ್ಟಿ ಕಟ್ಟಿಕೊಂಡು ಕುಳಿತ ಅಧಿಕಾರಿಯ ಪಕ್ಕದಲ್ಲಿ ಆಕೆ ನಿಂತಿರುವಂಥದು ಒಂದು ಬಗೆ. ಮಾಡಿದವರು ಆಕೆಯನ್ನು ಕಂಡವರಲ್ಲ. ಮುಖ ಹೇಗಿದ್ದರೂ ಅಡಿಯಲ್ಲಿ ಹೆಸರು ಬರೆದರೆ ಸಾಕಾಗಿದ್ದಿತು. ಬಡವರ ಮನೆಯ ಅಗ್ಗಿಷ್ಟಿಕೆಯ ಮೇಲೆ ಆ ಬೊಂಬೆಗಳು ಕುಳಿತವು. ಹಡಗಿಗೂ ಪಂದ್ಯದ ಕುದುರೆಗೂ ಆಕೆಯ ಹೆಸರು ಬಂದಿತು. ಇಂದು ಆ ಬೊಂಬೆಗಳನ್ನು ಸಂಗ್ರಾಹಕರು ಬಲು ಬೆಲೆ ಕೊಟ್ಟು ಕೊಳ್ಳುತ್ತಾರೆ.

ಅದೇ ಯುದ್ಧಭೂಮಿಗೆ ತನ್ನ ಸ್ವಂತ ಖರ್ಚಿನಲ್ಲಿ ಹೋಗಿ ಸೈನಿಕರನ್ನು ಉಪಚರಿಸಿದ ಇನ್ನೊಬ್ಬ ಮಹಿಳೆ ಇದ್ದಳು. ಜಮೈಕಾ ದ್ವೀಪದ ಮೇರಿ ಸೀಕೋಲ್ ಎಂಬ ಆ ಕಪ್ಪು ಮೈಬಣ್ಣದ ಸ್ತ್ರೀಯನ್ನು ಲೋಕ ಬಹುಕಾಲ ಮರೆತಿತು. ಲಂಡನ್ನಿನಲ್ಲಿ ಆಕೆಯ ಪ್ರತಿಮೆ ನಿಂತುದು 2016ರಲ್ಲಿ.

ಜನ ಬೊಂಬೆಗಳನ್ನು ಕೊಳ್ಳುತ್ತಿದ್ದ ಆ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ನಡೆದುದು ಬೇರೆಯೇ ಆಗಿದ್ದಿತು. ಫ್ಲಾರೆನ್ಸ್ ಬಂದ ಮೇಲೂ ಸಾವು ಕಡಿಮೆಯಾಗಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ಅದು ನೂರಕ್ಕೆ 42ನ್ನು ಮುಟ್ಟಿತು. ಮಾರ್ಚ್ ತಿಂಗಳಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಅಡಿಯ ಕೊಳಚೆಯ ಕಾಲುವೆಗಳನ್ನು ತೆಗೆಸಿ ತೊಳೆಸಿದರು, ನೀರಿನ ದಾರಿಯನ್ನು ಶುದ್ಧ ಮಾಡಿಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಆ ಮೇ ತಿಂಗಳಲ್ಲಿ ಕ್ರಿಮಿಯಾಕ್ಕೆ ಹೋಗಿದ್ದ ಫ್ಲಾರೆನ್ಸ್ ಅಲ್ಲಿನ ಜ್ವರಕ್ಕೆ ತುತ್ತಾಗಿ ಸಾವಿನ ದವಡೆಯಿಂದ ಪಾರಾದಳು. ಆ ರೋಗದ ಸೊಂಕು ಆಕೆಯನ್ನು ಮುಂದೆ ದಶಕಗಳ ಕಾಲ ಕಾಡಿತು.

ಇಂಗ್ಲೆಂಡಿನ ಜನ ಆಕೆಯ ಗೌರವಾರ್ಥವಾಗಿ ಒಂದು ನಿಧಿಯನ್ನು ಕೂಡಿಸಿದರು. ಸೈನಿಕರು ಒಂದು ದಿನದ ಸಂಬಳವನ್ನು ಕೊಟ್ಟರು. ಸುಮಾರು 45,000 ಪೌಂಡುಗಳಷ್ಟು ಹಣ ಸೇರಿತು. ಮರಳಿ ಬರುವಾಗ ಮೆರವಣಿಗೆ ಮಾಡಬೇಕೆಂದು ಸಿದ್ಧತೆ ನಡೆದಿದ್ದಿತು. ಫ್ಲಾರೆನ್ಸ್ ಮಿಸ್ ಸ್ಮಿತ್ ಎಂಬ ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ, 1856ರ ಆಗಸ್ಟಿನಲ್ಲಿ ಯಾರಿಗೂ ತಿಳಿಯದಂತೆ ಊರಿಗೆ ಬಂದು, ರೈಲು ನಿಲ್ದಾಣದಿಂದ ನಡೆದುಕೊಂಡೇ ಮನೆ ಸೇರಿದಳು.

ಈ ಮರೆಯಾಗುವಿಕೆಯನ್ನು ಕೇವಲ ವಿನಯವೆಂದು ತಿಳಿದರೆ ಆಕೆಯನ್ನು ಅರಿತಂತಾಗುವುದಿಲ್ಲ. ಆಕೆಯ ಕಣ್ಣ ಮುಂದೆ ಸತ್ತವರು ಇದ್ದರು. ವಿಲಿಯಂ ಫಾರ್ ಎಂಬ ಅಂಕಿಅಂಶಗಳ ತಜ್ಞನ ನೆರವಿನಿಂದ ಆಕೆ ಯುದ್ಧದ ಲೆಕ್ಕಗಳನ್ನೆಲ್ಲ ಬಿಡಿಸಿ ನೋಡಿದಳು. ಕ್ರಿಮಿಯಾದ ಯುದ್ಧದಲ್ಲಿ ರೋಗದಿಂದ ಮಡಿದ ಬ್ರಿಟಿಷ್ ಸೈನಿಕರು ಸುಮಾರು 16,000. ಶತ್ರುವಿನ ಗುಂಡಿಗೂ ಕತ್ತಿಗೂ ಬಲಿಯಾದವರು ಅದಕ್ಕಿಂತ ಎಷ್ಟೋ ಕಡಿಮೆ. ಆಸ್ಪತ್ರೆಗಳನ್ನು ಒಂದಕ್ಕೊಂದು ಹೋಲಿಸಿದಾಗ ಇನ್ನೂ ಕಹಿಯಾದ ಸತ್ಯ ಹೊರಬಿದ್ದಿತು. ಸಾವು ಅತಿ ಹೆಚ್ಚಾಗಿದ್ದುದು ತಾನೇ ದೀಪ ಹಿಡಿದು ನಡೆದ ಸ್ಕುಟಾರಿಯಲ್ಲಿ. ತನ್ನ ಪ್ರೀತಿ, ಪರಿಶ್ರಮ, ಜಾಗರಣೆ ಇವುಗಳ ಕಾಲಡಿಯಲ್ಲಿಯೇ ಕೊಳಚೆಯ ಕಾಲುವೆ ಹರಿಯುತ್ತಿದ್ದಿತು. ಬೇರೆಯವರಾಗಿದ್ದರೆ ಆ ಲೆಕ್ಕವನ್ನು ಮಡಿಸಿ ಇಟ್ಟುಬಿಡುತ್ತಿದ್ದರೇನೋ. ಲೋಕವೆಲ್ಲ ಹೊಗಳುತ್ತಿರುವಾಗ ತನ್ನ ಹೊಗಳಿಕೆಯ ಬುಡವನ್ನೇ ಅಲುಗಿಸುವ ಅಂಕಿಗಳನ್ನು ಹೊರಗೆ ತರುವುದು ಸಾಮಾನ್ಯರ ಕೆಲಸವಲ್ಲ. ಆಕೆ ಅವನ್ನು ವರದಿಯಾಗಿ ಬರೆದು ಸರ್ಕಾರದ ಮುಂದೆ ಇಟ್ಟಳು. ಅಂಕಿಗಳನ್ನು ಓದುವ ತಾಳ್ಮೆ ಮಂತ್ರಿಗಳಿಗೆ ಇರುವುದಿಲ್ಲವೆಂದು ತಿಳಿದು, ಹೂವಿನ ದಳಗಳಂತೆ ವೃತ್ತದಲ್ಲಿ ಹರಡಿದ ಬಣ್ಣದ ನಕ್ಷೆಗಳನ್ನು ಬರೆಸಿದಳು. ಒಂದೊಂದು ದಳವೂ ಒಂದೊಂದು ತಿಂಗಳು; ನೀಲಿಯ ಭಾಗ ತಡೆಯಬಹುದಾಗಿದ್ದ ರೋಗದ ಸಾವು, ಕೆಂಪು ಗಾಯದ ಸಾವು. ನೀಲಿಯು ಕೆಂಪನ್ನು ನುಂಗಿಹಾಕಿದ್ದುದು ಒಂದು ನೋಟಕ್ಕೆ ಕಾಣುತ್ತಿದ್ದಿತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯಳನ್ನಾಗಿ ಆರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. ನಿಧಿಯ ಹಣದಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ಆರಂಭವಾಯಿತು. ಅದೇ ಸುಮಾರಿಗೆ ಶುಶ್ರೂಷೆಯನ್ನು ಕುರಿತ ಆಕೆಯ ಪುಸ್ತಕವೂ ಪ್ರಕಟವಾಗಿ ಮನೆಮನೆಗೆ ಹೋಯಿತು.

ಮೈಯಲ್ಲಿ ಶಕ್ತಿಯಿರಲಿಲ್ಲ. ಲಂಡನ್ನಿನ ಮನೆಯ ಕೋಣೆಯಲ್ಲಿ, ಹಾಸಿಗೆಯ ಮೇಲೆ, ಸುತ್ತಲೂ ಕಾಗದಗಳು ಮತ್ತು ಬೆಕ್ಕುಗಳು. ಸಾವಿರಾರು ಪತ್ರಗಳು ಅಲ್ಲಿಂದ ಹೊರಟವು. ಮಂತ್ರಿಗಳು ಅಲ್ಲಿಗೇ ಬಂದು ಕಾಣಬೇಕಾಗಿದ್ದಿತು.

ಆ ಕೋಣೆಯಲ್ಲಿ ಮಲಗಿ ಆಕೆ ಹೆಚ್ಚು ದುಡಿದ ವಿಷಯಗಳಲ್ಲಿ ಒಂದು ನಮ್ಮ ದೇಶ. ಇತ್ತೀಚೆಗೆ ಹದಿನಾರು ಸಂಪುಟಗಳಲ್ಲಿ ಪ್ರಕಟವಾದ ಆಕೆಯ ಸಮಗ್ರ ಬರಹಗಳಲ್ಲಿ ಎರಡು ದೊಡ್ಡ ಸಂಪುಟಗಳು ಭಾರತಕ್ಕೇ ಮೀಸಲಾಗಿವೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ರಾಯಲ್ ಆಯೋಗವೊಂದು ನೇಮಕವಾಯಿತು. ಸ್ತ್ರೀಯಾದುದರಿಂದ ಫ್ಲಾರೆನ್ಸ್ ಅದರ ಸದಸ್ಯಳಾಗುವಂತಿರಲಿಲ್ಲ. ಆದರೆ ಕೆಲಸದ ಬಹುಭಾಗವನ್ನು ಮಾಡಿದವಳು ಆಕೆಯೇ. ಭಾರತದ ಸುಮಾರು ಇನ್ನೂರು ದಂಡಿನ ಠಾಣ್ಯಗಳಿಗೆ ಪ್ರಶ್ನೆಪತ್ರಗಳನ್ನು ಕಳುಹಿಸಿದರು. ಬೆಂಗಳೂರು, ಬಳ್ಳಾರಿ, ಬೆಳಗಾವಿಗಳು ಅಂದು ಅಂಥ ಠಾಣ್ಯಗಳಾಗಿದ್ದವು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳೆ ಎಲ್ಲಿಗೆ ಹೋಗುತ್ತದೆ, ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬ ಬಗೆಯ ಪ್ರಶ್ನೆಗಳು. ಬಂದ ಉತ್ತರಗಳ ರಾಶಿ ಆಕೆಯ ಕೋಣೆಯನ್ನು ತುಂಬಿತು. ಚಿಪ್ಪುಗಳನ್ನು ವಿಂಗಡಿಸಿದ ಹುಡುಗಿ ಈಗ ಒಂದು ದೇಶದ ನೀರನ್ನೂ ಗಾಳಿಯನ್ನೂ ವಿಂಗಡಿಸತೊಡಗಿದಳು. ಭಾರತದಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರೆಂದು 1863ರ ವರದಿ ತೋರಿಸಿತು. ಮುಂದಿನ ವರ್ಷ ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳಲ್ಲಿ ನೈರ್ಮಲ್ಯ ಆಯೋಗಗಳು ಸ್ಥಾಪನೆಯಾದವು. ಹತ್ತು ವರ್ಷಗಳಲ್ಲಿ ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿಯಿತು.

ಸೈನಿಕರಿಂದ ಆರಂಭವಾದ ಆಕೆಯ ಚಿಂತೆ ರೈತರ ಕಡೆಗೆ ತಿರುಗಿತು. ಠಾಣ್ಯದ ಬೇಲಿಯೊಳಗೆ ಮಾತ್ರ ಚರಂಡಿ ತೋಡಿದರೆ ಹೊರಗಿನ ಹಳ್ಳಿಯ ರೋಗ ನಿಲ್ಲುವುದಿಲ್ಲವೆಂದು ಆಕೆ ಬೇಗನೆ ಕಂಡುಕೊಂಡಳು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷದಿಂದ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಆಕೆ ನೀರಾವರಿಯ ಬಗ್ಗೆ, ಸಾಲಗಾರರ ಕೈಗೆ ಸಿಕ್ಕ ರೈತರ ಬಗ್ಗೆ, ಸರ್ಕಾರದ ಉದಾಸೀನದ ಬಗ್ಗೆ ಕಟುವಾಗಿ ಬರೆದಳು. ಆಳುವವರಿಗೆ ಅದು ರುಚಿಸಲಿಲ್ಲ. ದಾದಿಯ ಬೊಂಬೆ ಮಾತನಾಡತೊಡಗಿದರೆ ಯಾರಿಗೆ ರುಚಿಸೀತು?

ಇಲ್ಲಿ ನಾವು ಮತ್ತೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಗೆ ಬರಬೇಕು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿದ್ದಿತು. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳು ಅಡಕೆ, ಮೆಣಸು, ಏಲಕ್ಕಿಗಳಿಗೆ ಹೇಗೆ ಹೆಸರಾಗಿದ್ದವೋ ಚಳಿಜ್ವರಕ್ಕೂ ಹಾಗೆಯೇ ಹೆಸರಾಗಿದ್ದವು. ಮಳೆಗಾಲ ಹಿಂದಾದ ಮೇಲೆ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕಂಬಳಿ ಹೊದ್ದು ನಡುಗುತ್ತ ಮಲಗುವರು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯುವುದು. ಕೃಷಿ ಮಾಡಲು ಜನ ಸಾಲದೆ ಭೂಮಿ ಬೀಳು ಬಿದ್ದು, ಕಾಡು ಬಂದು ಅದನ್ನು ತಬ್ಬುವುದು.

ಮುಂಬಯಿ ಪ್ರಾಂತದ ಹಳ್ಳಿಗಳ ನೈರ್ಮಲ್ಯಕ್ಕಾಗಿ ಒಂದು ಕಾಯಿದೆಯ ಮಸೂದೆ 1880ರ ದಶಕದ ಕೊನೆಯಲ್ಲಿ ಸಿದ್ಧವಾದಾಗ ಲಂಡನ್ನಿನ ಆ ಕೋಣೆಯಿಂದ ಪತ್ರಗಳ ಸುರಿಮಳೆ ಆರಂಭವಾಯಿತು. ಫ್ಲಾರೆನ್ಸ್ ಗವರ್ನರನಿಗೆ ಬರೆದಳು. ಭಾರತೀಯರ ಅಭಿಪ್ರಾಯವೇನೆಂದು ತಿಳಿಯಲು ಪುಣೆಯ ಸಾರ್ವಜನಿಕ ಸಭೆಯೊಂದಿಗೂ ಪತ್ರವ್ಯವಹಾರ ನಡೆಸಿದಳು. ಹಳ್ಳಿಯವರನ್ನು ಕೇಳದೆ ಹಳ್ಳಿಯವರಿಗಾಗಿ ಕಾಯಿದೆ ಮಾಡಬಾರದೆಂಬುದು ಆಕೆಯ ನಿಲುವು. 1889ರಲ್ಲಿ ಕಾಯಿದೆ ಬಂದಿತು. ಆದರೆ ಅದರ ಹಿಂದೆ ಹಣ ಬರಲಿಲ್ಲ. ಹಳ್ಳಿಗಳಿಂದ ಎತ್ತುವ ಸ್ಥಳೀಯ ತೆರಿಗೆಯಲ್ಲಿ ಮೊದಲ ಪಾಲು ಆ ಹಳ್ಳಿಗಳ ಬಾವಿ, ಚರಂಡಿಗಳಿಗೆ ಸಲ್ಲಬೇಕು, ರಸ್ತೆ ಮೊದಲಾದವು ಆಮೇಲೆ ಬರಲಿ ಎಂದು ಆಕೆ ಭಾರತಮಂತ್ರಿಗೆ ಮನವಿ ಕಳುಹಿಸಿದಳು. ಆಗ ಆಕೆಗೆ ಎಪ್ಪತ್ತು ದಾಟಿದ್ದಿತು. ಮನವಿಯನ್ನು ಸರ್ಕಾರ ಒಪ್ಪಲಿಲ್ಲ.

ಕಾಯಿದೆಯಿಂದ ಆಗದುದನ್ನು ತಿಳಿವಳಿಕೆಯಿಂದ ಮಾಡಬಹುದೆಂದು ಆಕೆ ಇನ್ನೊಂದು ದಾರಿಯನ್ನು ಸೂಚಿಸಿದಳು. ಹಳ್ಳಿಯವರ ಭಾಷೆ ಬಲ್ಲ, ಅವರನ್ನು ಗೌರವಿಸಬಲ್ಲ ಉಪನ್ಯಾಸಕರು ಊರೂರಿಗೆ ಹೋಗಬೇಕು. ಗೋಡೆಯ ಮೇಲೆ ಚಿತ್ರ ಮೂಡಿಸುವ ಮ್ಯಾಜಿಕ್ ಲಾಂದ್ರದಿಂದ, ಕೊಳೆತ ನೀರಿನಲ್ಲಿರುವ ಸೂಕ್ಷ್ಮ ಜೀವಿಗಳನ್ನು ಅವರಿಗೆ ದೊಡ್ಡದು ಮಾಡಿ ತೋರಿಸಬೇಕು. ಹೀಗೆ ಮುದುಕಿಯಾದ ಫ್ಲಾರೆನ್ಸಳ ಕೈಗೆ ಮತ್ತೆ ಒಂದು ದೀಪ ಬಂದಿತು. ಯಾವ ಗೊಂಬೆಯ ಕೈಯಲ್ಲಿಯೂ ಈ ದೀಪವನ್ನು ಕಾಣೆವು.

ಆಕೆಯ ತಿಳಿವಳಿಕೆಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ರೋಗಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಆಕೆ ಬಹುಕಾಲ ನಂಬಿದ್ದಳು. ರೋಗಾಣುಗಳ ವಿಷಯವನ್ನು ಒಪ್ಪಿದುದು ತಡವಾಗಿ. ಚಳಿಜ್ವರವನ್ನು ಸೊಳ್ಳೆ ಹರಡುತ್ತದೆಂಬುದಕ್ಕೆ ಆಧಾರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು 1897ರಲ್ಲಿ. ಕಾರಣವನ್ನು ತಪ್ಪಾಗಿ ತಿಳಿದರೂ ನಿಂತ ನೀರನ್ನು ಹರಿಯಿಸಿ, ಕೊಳೆಯನ್ನು ದೂರ ಮಾಡಿ ಎಂಬ ಆಕೆಯ ಸಲಹೆ ಸರಿಯಾಗಿಯೇ ಇದ್ದಿತು. ಅದನ್ನು ಕೇಳಿದವರು ಮಾತ್ರ ಕಡಿಮೆ. ಘಟ್ಟದ ಮೇಲಿನ ಜ್ವರ ಇಳಿಮುಖವಾದುದು, 1946ರ ಸುಮಾರಿಗೆ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸತೊಡಗಿದ ಮೇಲೆ. ಕಾಯಿದೆ ಬಂದು ಆಗ ಐವತ್ತೇಳು ವರ್ಷಗಳಾಗಿದ್ದವು.

ಫ್ಲಾರೆನ್ಸ್ ಭಾರತಕ್ಕೆ ಬರಬೇಕೆಂದು ಹಂಬಲಿಸಿದವಳು, ಬರಲಾಗಲಿಲ್ಲ. ಇಳಿವಯಸ್ಸಿನಲ್ಲಿ ಕಣ್ಣು ಮಂಜಾಯಿತು. ಸುಮಾರು 1901ರಿಂದ ಕಾಣದೆಯೇ ಹೋಯಿತು. ಕೂಡಿಸಿ, ಓದಿ, ಎಣಿಸಿ ಬಾಳಿದವಳಿಗೆ ಕಾಗದವೇ ಕಾಣದಂತಾಯಿತು. ಗೌರವಗಳು ಬಂದುದು ಆಮೇಲೆ. 1907ರಲ್ಲಿ ಬ್ರಿಟಿಷ್ ದೊರೆಯಿಂದ ಆರ್ಡರ್ ಆಫ್ ಮೆರಿಟ್ ಪದವಿ ದೊರೆಯಿತು. ಆ ಪದವಿಯನ್ನು ಪಡೆದ ಮೊದಲ ಮಹಿಳೆ ಆಕೆ. ರೆಡ್‌ಕ್ರಾಸ್ ಸಂಸ್ಥೆಯ ಹುಟ್ಟಿಗೆ ಕಾರಣನಾದ ಹೆನ್ರಿ ಡುನಾಂಟ್ ತನಗೆ ಸ್ಫೂರ್ತಿ ನೀಡಿದವಳು ಫ್ಲಾರೆನ್ಸಳೆಂದು ಬಹಳ ಹಿಂದೆಯೇ ಒಪ್ಪಿಕೊಂಡಿದ್ದನು. ಆ ಸಂಸ್ಥೆ 1912ರಲ್ಲಿ ಆಕೆಯ ಹೆಸರಿನ ಪದಕವನ್ನು ಸ್ಥಾಪಿಸಿತು. ಭಾರತ ಸರ್ಕಾರವೂ 1973ರಲ್ಲಿ ದಾದಿಯರಿಗಾಗಿ ಆಕೆಯ ಹೆಸರಿನ ರಾಷ್ಟ್ರಪ್ರಶಸ್ತಿಯನ್ನು ಸ್ಥಾಪಿಸಿತು. ಆಕೆ ಹುಟ್ಟಿದ ಮೇ 12 ಲೋಕದ ದಾದಿಯರೆಲ್ಲರ ದಿನವಾಗಿದೆ.

1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಫ್ಲಾರೆನ್ಸ್ ತನ್ನ ಲಂಡನ್ನಿನ ಮನೆಯಲ್ಲಿ ನಿದ್ದೆಯಲ್ಲಿಯೇ ತೀರಿಕೊಂಡಳು. ರಾಜರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿ ಮಾಡಬೇಕೆಂದು ಸರ್ಕಾರ ಮುಂದೆ ಬಂದಿತು. ಅದು ಕೂಡದೆಂಬುದು ಆಕೆಯ ಇಚ್ಛೆಯಾಗಿದ್ದುದರಿಂದ ಬಂಧುಗಳು ಒಪ್ಪಲಿಲ್ಲ. ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಚಿಕ್ಕ ಇಗರ್ಜಿಯ ಅಂಗಳದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ ಆಕೆಯನ್ನು ಮಣ್ಣು ಮಾಡಿದರು. ಅಲ್ಲಿನ ಕಲ್ಲಿನ ಮೇಲೆ ಪೂರ್ಣ ಹೆಸರು ಕೂಡ ಇಲ್ಲ. ಎಫ್. ಎನ್. ಎಂಬ ಎರಡು ಅಕ್ಷರಗಳು, ಹುಟ್ಟಿದ ದಿನ, ಮಡಿದ ದಿನ ಇಷ್ಟನ್ನು ಕೆತ್ತಿದ್ದಾರೆ. ದೀಪದ ಚಿತ್ರವನ್ನು ಕೆತ್ತಿಲ್ಲ.